ಹಾವಾಡಿಗರ ಬುಟ್ಟಿಯ ಸಪ್ಪನೆ ಊಟ

ನಮ್ಮ ಅಡುಗೆ ಮನೆಯ ಕಿಟಕಿಯ ಪಕ್ಕ ಒಂದು ಮೊಳೆಗೆ ದುಂಡನೆಯ ಬಿದಿರಿನ ಬುಟ್ಟಿ ತೂಗಾಡುತ್ತದೆ. ಅದಕ್ಕೊಂದು ಹೆಣೆದ ಮುಚ್ಚಳ, ತಳದಲ್ಲಿ ಉಗಿ ಏರಲು ಸಂದುಗಳು. ವಿದ್ಯಾಗಿರಿ ಬಡಾವಣೆಯ ನಮ್ಮಂಥವರ ಮನೆಗಳಲ್ಲಿ ಪಡಸಾಲೆಯಲ್ಲಿ ಕೂತವರು ಕತ್ತು ತುಸು ವಾಲಿಸಿದರೆ ಒಲೆಯ ಮೇಲೆ ಏನಿದೆ ಎಂಬುದು ಕಾಣುತ್ತದೆ. ಬಂದವರೆಲ್ಲ ವಾಲಿಸಿಯೇ ವಾಲಿಸುತ್ತಾರೆ. ಮೊನ್ನೆ ಹುನಗುಂದದಿಂದ ಬಂದ ನಮ್ಮತ್ತೆಯ ತಂಗಿ ಹಾಗೆ ವಾಲಿಸಿ ನೋಡಿದವರು ಚಹಾದ ಕಪ್ಪನ್ನು ಕೆಳಗಿಟ್ಟರು.

"ಅದೇನ ಬೇ ಅದು? ಹಾವಾಡಿಗರ ಬುಟ್ಟಿ ಇದ್ದಂಗ ಐತಲ್ಲ!"

"ಅಡಿಗಿ ಮಾಡೂದ್ರಿ ಅದು," ಎಂದೆ.

"ಅದರಾಗ ಏನ್ ಅಡಿಗಿ ಮಾಡ್ತಿ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮತ್ತೆ, "ಬಿಡ, ಅದೊಂದ ದೊಡ್ಡ ಕತಿ," ಎಂದು ಮಾತು ತೇಲಿಸಿದರು. ಆ ತಂಗಿಯವರು ಹೊರಡುವವರೆಗೂ ಬುಟ್ಟಿಗೆ ಬೆನ್ನು ಕೊಟ್ಟು ಕೂರಲಿಲ್ಲ.

ಆ ದೊಡ್ಡ ಕತೆಯನ್ನು ನಿಮಗಾದರೂ ಹೇಳಿಬಿಡುತ್ತೇನೆ. ಇದು ಆದದ್ದು ಎರಡು ಚಳಿಗಾಲದ ಹಿಂದೆ. ನಮ್ಮ ಮಾವನವರಿಗೆ ಎದೆಯಲ್ಲಿ ಏನೋ ಅಮುಕಿದಂತಾಗಿ, ದವಾಖಾನೆಗೆ ಒಯ್ದು, ರಕ್ತನಾಳದಲ್ಲಿ ಒಂದು ಸಣ್ಣ ಕೊಳವೆ ಕೂರಿಸಿ ಮನೆಗೆ ಕಳಿಸಿದ್ದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಮನೆಯಲ್ಲಿ ಒಲೆಯ ಮುಂದೆ ನಿಲ್ಲುವವರು ಯಾರು ಎಂಬುದನ್ನು ಅವರು ಹೇಗೋ ಮುಖ ನೋಡಿಯೇ ಕಂಡುಹಿಡಿದಿದ್ದರು.

"ಎಣ್ಣಿ, ಉಪ್ಪು ಎರಡೂ ಕಡಿಮಿ ಮಾಡ್ರಿ. ಈ ದಿನಮಾನದಾಗ ಬರೋ ತಾಜಾ ಕಾಯಿಪಲ್ಲೆ ಉಗಿಯೊಳಗ ಬೇಯಿಸಿ ಕೊಡ್ರಿ. ಊಟ ಹಗುರ ಇರಲಿ. ಆದ್ರ ಒಂದ ಮಾತ ನೆನಪಿಡ್ರಿ, ಶುಗರಿನ ಗುಳಿಗಿ ನುಂಗಿ ಉಣ್ಣದ ಕುಂದರಬಾರದು. ಕುಂತ್ರ ಜೀವಕ್ಕ ಅಪಾಯ ಐತಿ."

ಮೊದಲಿನ ಮಾತುಗಳು ನನಗೆ ಹುರುಪು ತಂದವು. ಕೊನೆಯ ಮಾತಿನ ಭಾರ ತಿಳಿದದ್ದು ಆಮೇಲೆ.

ಹುರುಪು ಯಾಕೆಂದರೆ, ನಾನು ಫೋನಿನಲ್ಲಿ ಅಡುಗೆಯ ವಿಡಿಯೋ ನೋಡುವ ಪೈಕಿ. ನೋಡಿದ್ದನ್ನೆಲ್ಲ ಮಾಡುವ ಧೈರ್ಯ ಇದುವರೆಗೆ ಇರಲಿಲ್ಲ, ಈಗ ಡಾಕ್ಟರರ ಅಪ್ಪಣೆಯೇ ಸಿಕ್ಕಿತು. ಥಾಯ್ಲೆಂಡು, ವಿಯೆಟ್ನಾಮು, ಜಪಾನು, ಚೀನಾ ಎಲ್ಲ ಕಲಸಿ ಯಾರೋ ಒಬ್ಬ ಹೆಣ್ಣುಮಗಳು ಸೊಪ್ಪು, ಗಜ್ಜರಿ, ಶುಂಠಿ, ನಿಂಬೆಯಲ್ಲಿ ತೆಳ್ಳನೆಯ ಊಟಗಳನ್ನು ಮಾಡುತ್ತಿದ್ದಳು. ಒಗ್ಗರಣೆ ಇಲ್ಲ, ಹೊಗೆ ಇಲ್ಲ, ಅವಳ ಸೀರೆ... ಅಲ್ಲ, ಅವಳು ಸೀರೆ ಉಟ್ಟಿರಲಿಲ್ಲ, ಅವಳ ಬಿಳಿ ಅಂಗಿಯ ಮೇಲೆ ಒಂದು ಅರಿಶಿನದ ಕಲೆಯೂ ಇರಲಿಲ್ಲ. ಅದನ್ನು ನೋಡಿಯೇ ನಾನು ಅರ್ಧ ಮರುಳಾಗಿದ್ದೆ. ಆನ್‌ಲೈನಿನಲ್ಲಿ ಬಿದಿರಿನ ಬುಟ್ಟಿ ತರಿಸಿದೆ. ಅಕ್ಕಿಯ ಹಾಳೆ, ಅಕ್ಕಿಯ ನೂಡಲ್ಸು, ತೋಫು, ಎಳ್ಳೆಣ್ಣೆಯ ಪುಟ್ಟ ಬಾಟಲಿ ಎಲ್ಲ ಹಿಂಬಾಲಿಸಿ ಬಂದವು.

ರೊಟ್ಟಿಯನ್ನು ಡಾಕ್ಟರು ಬೇಡ ಎಂದಿರಲಿಲ್ಲ. ನಾನೇ ನಿಲ್ಲಿಸಿದೆ. ನಮ್ಮ ಕಡೆ ರೊಟ್ಟಿ ಒಂದೇ ಬರುವುದಿಲ್ಲ ನೋಡಿ, ಅದರ ಹಿಂದೆ ಶೇಂಗಾ ಹಿಂಡಿ, ಎಣ್ಣೆಗಾಯಿ, ಬೆಣ್ಣೆ, ಉಪ್ಪಿನಕಾಯಿ ಎಲ್ಲ ದಿಬ್ಬಣ ಹೊರಡುತ್ತದೆ. ಒಬ್ಬರನ್ನು ಒಳಗೆ ಬಿಟ್ಟು ಉಳಿದವರಿಗೆ ಬಾಗಿಲು ಹಾಕುವುದು ನನ್ನಿಂದಾಗುವ ಕೆಲಸವಲ್ಲ.

ತೋಫು ಬಂದ ದಿನ ನಮ್ಮತ್ತೆ ಫ್ರಿಜ್ಜು ತೆಗೆದು ಅದನ್ನು ಬೆರಳಿನಿಂದ ಒತ್ತಿ ನೋಡಿದರು.

"ಅರಿವಿ ಒಗಿಯೋ ಸಾಬಾಣ ಫ್ರಿಜ್ಜಿನ್ಯಾಗ ಯಾಕ ಇಟ್ಟೀ?"

"ಅದು ಸೋಯಾ ಕಾಳಿನ ಹಾಲಿಂದ ಮಾಡಿದ್ದ್ರಿ ಅತ್ತಿ. ಪನೀರ್ ಇದ್ದಂಗ."

ಅವರು ಮೂಸಿ ನೋಡಿದರು. "ವಾಸನೀನೂ ಇಲ್ಲಲ್ಲ ಇದಕ್ಕ," ಎಂದು ಮರಳಿ ಇಟ್ಟರು. ಸಾಬಾಣಕ್ಕಾದರೂ ಒಂದು ವಾಸನೆ ಇರುತ್ತದೆ ಎಂಬ ಭಾವ ಅವರ ಮುಖದಲ್ಲಿತ್ತು.

ಬುಟ್ಟಿ ಮಾತ್ರ ನನಗೆ ಹೊಸದೆನಿಸಲಿಲ್ಲ. ನಾನು ಇಳಕಲ್ಲಿನ ಹುಡುಗಿ. ಸುತ್ತ ಮಗ್ಗದ ಸದ್ದು ಕೇಳುತ್ತಲೇ ಬೆಳೆದವಳು, ಆ ಸದ್ದು ನಿಂತಿತೆಂದರೆ ಹಬ್ಬ ಬಂತೆಂದೇ ನಮಗೆ ಲೆಕ್ಕ. ಹಬ್ಬಕ್ಕೆ ನಮ್ಮವ್ವ ಕಡಬು ಕುದಿಸುವಾಗ ದೊಡ್ಡ ಪಾತ್ರೆಯ ತಳಕ್ಕೆ ನೀರು ಹಾಕಿ, ಜೋಳದ ದಂಟಿನ ತುಂಡುಗಳನ್ನು ಅಡ್ಡಡ್ಡ ಪೇರಿಸಿ, ಅದರ ಮೇಲೆ ಒದ್ದೆ ಅರಿವೆ ಹಾಸಿ ಕಡಬುಗಳನ್ನು ಮಲಗಿಸುತ್ತಿದ್ದಳು. ಮುಚ್ಚಳ ಎತ್ತಿದಾಗ ಬೆಲ್ಲದ ಜೊತೆ ದಂಟಿನದೊಂದು ಹಸಿ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ನಾವು ಮಕ್ಕಳು ಕಡಬಿಗಿಂತ ಮೊದಲು ಆ ದಂಟಿಗೆ ಜಗಳ ಮಾಡುತ್ತಿದ್ದೆವು, ಸೋರಿದ ಬೆಲ್ಲ ಅದಕ್ಕೆ ಅಂಟಿರುತ್ತಿತ್ತು. ಚೀನಾದವರ ಬುಟ್ಟಿಯೂ ಅದೇ ತಾನೆ, ದಂಟಿನ ಬದಲು ಬಿದಿರು ಎಂದುಕೊಂಡೆ. ಆದರೆ ನಮ್ಮವ್ವನ ಪಾತ್ರೆಯಲ್ಲಿ ಬೆಲ್ಲವಿತ್ತು. ಅದನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲ ದಿನ ಅಕ್ಕಿ ಹಾಳೆಯಲ್ಲಿ ಗಜ್ಜರಿ, ಸವತೆಕಾಯಿ, ಕೊತ್ತಂಬರಿ ಸುತ್ತಿ ಬಡಿಸಿದೆ. ಗಾಜಿನಂಥ ಹಾಳೆಯೊಳಗೆ ಬಣ್ಣಗಳೆಲ್ಲ ಕಾಣುತ್ತಿದ್ದವು. ಮಾವನವರು ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಬಿಚ್ಚಿ ಉಣ್ಣೂದೋ, ಹಂಗ ನುಂಗೂದೋ?"

"ಹಂಗ ಉಣ್ಣೂದ್ರಿ ಮಾವಾರ."

ಒಂದು ತುಂಡು ತಿಂದರು. ಎರಡನೆಯದನ್ನು ಬಡಿಸಹೋದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದರು. "ಸಾಕವ್ವಾ, ಹೊಟ್ಟಿ ತುಂಬೇತಿ." ಎದ್ದು ಹೋಗಿ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು.

ಗುಳಿಗೆಯನ್ನು ಮಾತ್ರ ಹೇಳಿದ ಹೊತ್ತಿಗೆ ತಪ್ಪದೆ ನುಂಗಿದ್ದರು. ಹೆದರಿಕೆ ಶುರುವಾದದ್ದು ಅಲ್ಲಿಂದ. ಗುಳಿಗೆ ಹೊಟ್ಟೆಯೊಳಗೆ ತನ್ನ ಕೆಲಸ ಮಾಡುತ್ತಿರುತ್ತದೆ, ಮೇಲೆ ಬಿದ್ದದ್ದು ಒಂದು ಗಜ್ಜರಿಯ ಎಳೆ. ಅವರು ಮಲಗಿದ ಮೇಲೆ ನಾನೂ ಅತ್ತೆಯೂ ಸರದಿಯ ಮೇಲೆ ಏನಾದರೂ ನೆವ ಮಾಡಿಕೊಂಡು ಪಡಸಾಲೆಗೆ ಹೋಗಿ, ಅವರ ಬೆನ್ನು ಉಸಿರಿಗೆ ಏರಿಳಿಯುತ್ತಿದೆಯೇ ಎಂದು ನೋಡಿಬರುತ್ತಿದ್ದೆವು. ನೆವಗಳು ಬೇಗ ಮುಗಿದವು. ಪಡಸಾಲೆಯ ಧೂಳನ್ನು ನಾನು ಹಾಗೆ ಎಂದೂ ಒರೆಸಿದವಳಲ್ಲ.

ಮರುದಿನ ನೂಡಲ್ಸಿನ ತಿಳಿ ಸಾರು. ಆಮೇಲೆ ಎಳೆ ಹೀರೇಕಾಯಿ, ಹಸಿ ಕಡಲೆ ಉಗಿಯಲ್ಲಿ ಬೇಯಿಸಿ ಮೇಲೆ ಶುಂಠಿ. ನಮ್ಮವರು ಹನಿ ನೀರಾವರಿಯ ಪೈಪು ಮಾರುವ ಕೆಲಸಕ್ಕೆ ಬಾದಾಮಿ ಕಡೆ ಹೋದಾಗಲೆಲ್ಲ ಬನಶಂಕರಿಯ ತೋಟಗಳಿಂದ ಮಂಜು ಆರದ ಸೊಪ್ಪು ತರುತ್ತಿದ್ದರು. ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ. ಇವೆಲ್ಲ ಹಸಿಯಾಗಿಯೇ ರೊಟ್ಟಿಯ ಜೊತೆ ಕಚ್ಚಿ ತಿನ್ನುವಂಥವು. ನಾನು ಅವನ್ನು ಬುಟ್ಟಿಯೊಳಗೆ ಕೂರಿಸಿ ಮುಚ್ಚಳ ಹಾಕುತ್ತಿದ್ದೆ. ಉಪ್ಪು ಕಡಿಮೆ ಮಾಡಬೇಕೆಂದು ಮೊದಮೊದಲು ಉಪ್ಪನ್ನೇ ಮುಟ್ಟದೆ ಸೋಯಾ ಸಾಸು ಸುರಿದೆ. ದವಾಖಾನೆಯಲ್ಲಿ ಅದನ್ನು ಜಂಬದಿಂದ ಹೇಳಿಕೊಂಡಾಗ ಡಾಕ್ಟರು ಹಣೆ ಹಿಡಿದುಕೊಂಡರು. ಆ ಕಪ್ಪು ನೀರಿನ ತುಂಬ ಇರುವುದು ಉಪ್ಪೇ ಅಂತೆ. ಸಾಸೂ ಹೋಯಿತು. ಉಳಿದದ್ದು ಉಗಿ.

ಒಂದು ದಿನ ಮಧ್ಯಾಹ್ನ ತಾಟು ಎತ್ತುವಾಗ ಅತ್ತೆ ನನ್ನ ಮೊಣಕೈ ಹಿಡಿದರು. ಅವರ ಬೆರಳು ತಣ್ಣಗಿದ್ದವು.

"ತಾಟ ತೊಳದ ಕುಡಿಲಿಲ್ಲ, ನೋಡಿದೇನ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಾವನವರು ಲಿಂಗಪೂಜೆ ಮಾಡದೆ ಉಣ್ಣುವವರಲ್ಲ, ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತಿರುವಿ, ಆ ನೀರನ್ನು ಕುಡಿಯದೆ ಏಳುವವರಲ್ಲ. ತಾಟಿಗೆ ಬಿದ್ದದ್ದು ಪ್ರಸಾದ, ಅದರ ಒಂದು ಅಗುಳೂ ಬಚ್ಚಲಿಗೆ ಹೋಗಬಾರದು. ಇದು ನಮ್ಮ ಹಿರಿಯರ ಪದ್ಧತಿ. ನನ್ನ ತವರಲ್ಲಿ ಅದು ನನ್ನ ಅಜ್ಜನ ಜೊತೆಗೇ ಹೋಗಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಅದನ್ನು ನೋಡಿದರೆ ಒಂಥರಾ ಆಗುತ್ತಿತ್ತು, ನನ್ನ ತಾಟನ್ನು ಯಾರೂ ನೋಡುವ ಮೊದಲೇ ಎತ್ತಿಕೊಂಡು ಓಡುತ್ತಿದ್ದೆ. ಅವರು ಒಂದು ದಿನವೂ ಏನೂ ಅಂದಿರಲಿಲ್ಲ.

ಅತ್ತೆ ಧೈರ್ಯ ಮಾಡಿ ಮಂಚದ ಹತ್ತಿರ ಹೋಗಿ ಕೇಳಿಯೇ ಬಿಟ್ಟರು. ಮಾವನವರು ಗೋಡೆಯ ಕಡೆಗೇ ಮುಖ ಇಟ್ಟುಕೊಂಡು ಉತ್ತರ ಕೊಟ್ಟರು.

"ಅದೇನ್ ಪ್ರಸಾದೇನು? ಅದು ಔಷಧ. ಔಷಧದ ಬಾಟ್ಲಿ ಯಾರರ ತೊಳದ ಕುಡಿತಾರ?"

ಅತ್ತೆ ಅಡುಗೆ ಮನೆಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವರಿಗೆ ಉಣ್ಣೂದ ಬ್ಯಾಡಾಗೇತಿ. ಉಣ್ಣೂದ ಬ್ಯಾಡಾದವರು ಭಾಳ ದಿನ ಇರಂಗಿಲ್ಲ," ಎಂದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬೆಳಗಿನಿಂದ ಗಜ್ಜರಿಯನ್ನು ಬೆಂಕಿಕಡ್ಡಿಯಷ್ಟು ತೆಳ್ಳಗೆ ಕೊಯ್ದು ನನ್ನ ಬೆರಳ ತುದಿ ಗಾಯವಾಗಿತ್ತು. ಇವರದು ಹಟ, ಬರೀ ಹಟ ಎಂದುಕೊಂಡೆ.

ಅವರ ಹಟ ನನಗೆ ಮದುವೆಯ ದಿನದಿಂದಲೇ ಗೊತ್ತು. ಇಳಕಲ್ಲಿನಲ್ಲಿ ನಮ್ಮ ಮನೆಯ ಅಂಗಳದಲ್ಲಿ ಊಟದ ಸಾಲು ಕೂತಿತ್ತು. ಬೀಗರ ಸಾಲಿನಲ್ಲಿ ಹೋಳಿಗೆಯ ಮೇಲೆ ತುಪ್ಪ ಬಿತ್ತು. ಆ ತುದಿಯಲ್ಲಿ ಕೂತಿದ್ದ ಗಾಡಿ ಡ್ರೈವರುಗಳಿಗೆ, ಬಾಜಾ ಬಾರಿಸುವವರಿಗೆ ಬರೀ ಹೋಳಿಗೆ. ಮಾವನವರು ತುತ್ತು ಮುರಿದಿದ್ದವರು ಅದನ್ನು ತಾಟಿನಲ್ಲೇ ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಗಂಡಿನ ತಂದೆ ಉಣ್ಣುತ್ತಿಲ್ಲ ಎಂದು ಕಂಡು ಅವರ ಪಕ್ಕದವರೂ ನಿಲ್ಲಿಸಿದರು, ಅವರ ಪಕ್ಕದವರೂ. ಅಂಗಳ ಪೂರ್ತಿ ಸದ್ದಡಗಿತು. ನಾನು ಮದುಮಗಳ ದಂಡೆ ಕಟ್ಟಿಕೊಂಡು ಕಿಟಕಿಯಲ್ಲಿ ನಿಂತಿದ್ದೆ, ಮದುವೆ ಮುರಿದೇ ಬಿತ್ತು ಎಂದುಕೊಂಡೆ. ನಮ್ಮಪ್ಪ ಬಂದು ಕೈ ಜೋಡಿಸಿ, ಏನು ತಪ್ಪಾಯಿತು ಎಂದು ಕೇಳಿದ. ಮಾವನವರು ಗದ್ದದಿಂದ ಆ ತುದಿಯನ್ನು ತೋರಿಸಿದರು. ನಮ್ಮಪ್ಪ ತಾನೇ ತುಪ್ಪದ ಪಾತ್ರೆ ಹಿಡಿದು ಓಡಿದ. ಕೊನೆಯ ಡ್ರೈವರನ ತಾಟಿಗೆ ತುಪ್ಪ ಬಿದ್ದ ಮೇಲೆಯೇ ಇವರು ತುತ್ತು ಎತ್ತಿದ್ದು. ಈ ಕತೆಯನ್ನು ನಾನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ. ನಮ್ಮ ಮಾವನವರ ಹಟ ಎಂಥದ್ದು ಗೊತ್ತೇನ್ರಿ, ಎಂದೇ ಅದರ ಶುರುವಾತು.

ಇಷ್ಟೆಲ್ಲ ಆಗುವಾಗ ನಾವು ಮೂವರು ಏನು ಉಣ್ಣುತ್ತಿದ್ದೆವು ಎಂದು ನೀವು ಕೇಳಬೇಕು. ಕೇಳಿ, ನಾಚಿಕೆ ಬಿಟ್ಟು ಹೇಳುತ್ತೇನೆ. ನಾವು ರೊಟ್ಟಿ ಉಣ್ಣುತ್ತಿದ್ದೆವು. ಅದನ್ನು ಕಂಡರೆ ಅವರ ಜೀವ ಆಸೆಪಟ್ಟೀತು, ಮರುಗೀತು ಎಂದು, ಅವರು ಮಲಗಿದ ಮೇಲೆ ಹಿತ್ತಲ ಕೋಣೆಗೆ ಸೇರಿ, ಬಾಗಿಲು ಹಾಕಿ, ಒಳಚಿಲಕ ಏರಿಸಿ ಉಣ್ಣುತ್ತಿದ್ದೆವು. ರೊಟ್ಟಿ ಬಡಿಯುವ ಸದ್ದು ಅವರ ಕಿವಿಗೆ ಬೀಳಬಾರದೆಂದು ಮನೆಯಲ್ಲಿ ಬಡಿಯುವುದನ್ನೇ ನಿಲ್ಲಿಸಿ ಅಂಗಡಿಯ ಖಡಕ್ ರೊಟ್ಟಿ ತಂದಿಟ್ಟಿದ್ದೆ. ಆಮೇಲೆ ತಿಳಿಯಿತು, ಖಡಕ್ ರೊಟ್ಟಿಗೆ ಬಡಿಯುವಾಗ ಸದ್ದಿಲ್ಲ, ಮುರಿಯುವಾಗ ಇದೆ.

ನಮ್ಮವರು ಮೊದಲ ತುಂಡು ಮುರಿದ ದಿನ 'ಕಟಂ' ಎಂದಿತು. ಮೂವರೂ ಉಸಿರು ಬಿಗಿಹಿಡಿದೆವು. ಪಡಸಾಲೆಯಲ್ಲಿ ಮಂಚ ಕಿರುಗುಟ್ಟಿತು. ಮತ್ತೆ ಸುಮ್ಮನಾಯಿತು.

"ಮಸರಿನ್ಯಾಗ ನೆನಸ್ಕೊಂಡ ತಿನ್ನಪಾ," ಎಂದು ಅತ್ತೆ ಪಿಸುಗುಟ್ಟಿದರು. ಅವರಿಗೆ ಹೇಗೂ ಹಲ್ಲಿರಲಿಲ್ಲ, ನೆನೆಸದೆ ಗತಿಯಿರಲಿಲ್ಲ. ನಾನೂ ನಮ್ಮವರೂ ಗಟ್ಟಿ ಹಲ್ಲಿಟ್ಟುಕೊಂಡು ಮುದುಕರಂತೆ ರೊಟ್ಟಿಯ ಚೂರನ್ನು ಮೊಸರಿನಲ್ಲಿ ಅದ್ದಿ, ಮೆತ್ತಗಾಗುವವರೆಗೆ ಒಬ್ಬರ ಮುಖ ಒಬ್ಬರು ನೋಡುತ್ತ ಕಾಯುತ್ತಿದ್ದೆವು. ಎಣ್ಣೆಗಾಯಿಯ ಘಮ ಬಾಗಿಲ ಸಂದಿನಿಂದ ಹೋಗಬಾರದೆಂದು ಅತ್ತೆ ಅಲ್ಲಿಗೊಂದು ಹಳೆಯ ಟವೆಲ್ಲು ಒತ್ತಿದ್ದರು. ಕೆಲವು ದಿನ ಕಳೆದ ಮೇಲೆ ನಮ್ಮವರಿಗೆ ಕುಳಗೇರಿ ಕ್ರಾಸಿನ ಕಡೆ ಕೆಲಸ ಹೆಚ್ಚಾಗತೊಡಗಿತು. ಅಲ್ಲಿ ಪೈಪಿಗೆ ಗಿರಾಕಿ ಜಾಸ್ತಿ ಎಂದರು. ಸಂಜೆ ಮನೆಗೆ ಬಂದಾಗ ಅವರ ಗದ್ದ ಮಿರ್ಚಿ ಭಜಿಯ ಎಣ್ಣೆಯಲ್ಲಿ ಮಿಂಚುತ್ತಿತ್ತು. ಮಂಚದ ಮುಂದೆ ಹಾದು ಹೋಗುವಾಗ ಮಾವನವರು ಗೋಡೆಯ ಕಡೆಯಿಂದ ಒಮ್ಮೆ ತಿರುಗಿ ಮಗನ ಮುಖ ನೋಡಿ ಮತ್ತೆ ಆ ಕಡೆ ಹೊರಳಿದರು.

ಹೀಗೆ ಸಾಗಿ ಸಾಗಿ ಒಂದು ಮಧ್ಯಾಹ್ನ ಹೆದರಿದ್ದೇ ಆಯಿತು. ಅವರು ಗುಳಿಗೆ ನುಂಗಿ, ತೋಫುವಿನ ಒಂದು ಚೂರು ತಿಂದು ಎದ್ದಿದ್ದರು. ನಾನೂ ಅತ್ತೆಯೂ ಹಿತ್ತಲ ಕೋಣೆಯಲ್ಲಿದ್ದೆವು, ಚಿಲಕ ಹಾಕಿತ್ತು. ಉಸಿರು ನೋಡಿಬರುವ ಸರದಿ ನನ್ನದಿತ್ತು. ಎದ್ದು ಬಂದು ನೋಡಿದರೆ ಮಾವನವರು ಮಂಚದ ಅಂಚಿಗೆ ಕೂತಿದ್ದಾರೆ, ಅಂಗಿ ಒದ್ದೆಯಾಗಿ ಮೈಗೆ ಅಂಟಿದೆ. ಚಳಿಗಾಲದಲ್ಲಿ ಆ ಪಾಟಿ ಬೆವರು. ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಕೈ ನೀರಿನ ತಂಬಿಗೆಯ ಕಡೆಗೆ ಚಾಚಿತ್ತು, ಬೆರಳು ನಡುಗುತ್ತ ತಂಬಿಗೆಯನ್ನು ಮುಟ್ಟದೆ ಗಾಳಿಯಲ್ಲಿ ತಡಕುತ್ತಿದ್ದವು.

"ಮಾವಾರ! ಅತ್ತಿ, ಬೆಲ್ಲಾ ತರ್ರಿ, ಬೆಲ್ಲಾ!"

ಅತ್ತೆಗೆ ಒಳಗಿನ ಚಿಲಕದ ಗಾಬರಿ, ಬಾಗಿಲನ್ನು ನಾನೇ ತೆಗೆದು ಬಂದದ್ದು ಮರೆತು ಅದನ್ನು ಹುಡುಕುತ್ತಿದ್ದರು. ನಾನೇ ಓಡಿ ಹೋಗಿ ಬೆಲ್ಲ ಕದಡಿ ತಂದೆ. ಲೋಟದ ಅಂಚು ಅವರ ಹಲ್ಲಿಗೆ ಬಡಿದು ಕಟಕಟ ಎನ್ನುತ್ತಿತ್ತು. ಅರ್ಧ ಗಂಟಲಿಗೆ, ಅರ್ಧ ಎದೆಯ ಮೇಲೆ. "ಕುಡೀರಿ, ಇನ್ನೊಂದ ಗುಟಕ ಕುಡೀರಿ," ಎಂದು ನಾನು ಅರಚುತ್ತಿದ್ದೆ. ಅವರು ಕಣ್ಣು ಮುಚ್ಚಿದರು. ಅತ್ತೆ ಅವರ ಅಂಗಾಲು ತಿಕ್ಕುತ್ತ ಬಸವಣ್ಣನ ಹೆಸರು ಹಿಡಿದು ಗಟ್ಟಿಯಾಗಿ ಅಳತೊಡಗಿದರು. ಗೋಡೆಯ ಗಡಿಯಾರ ಅಷ್ಟು ಜೋರಾಗಿ ಸದ್ದು ಮಾಡುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

ಕೈಯ ನಡುಕ ನಿಧಾನಕ್ಕೆ ಇಳಿಯಿತು. ಕಣ್ಣು ತೆರೆದರು. ಫೋನಿನಲ್ಲಿ ಡಾಕ್ಟರು, "ಹೊಟ್ಟಿ ತುಂಬ ಏನರ ಉಣ್ಣಸ್ರಿ ಮೊದಲ. ಮತ್ತೊಮ್ಮಿ ಹಿಂಗಾದ್ರ ನಾ ಏನೂ ಹೇಳಾಕ ಬರಂಗಿಲ್ಲ," ಎಂದರು. ಜೀವ ಬಂತೆಂದು ತಿಳಿದ ಕೂಡಲೇ ನನ್ನ ಸಿಟ್ಟು ಒಡೆಯಿತು. ಸೊಸೆ ಮಾವನ ಮುಂದೆ ಆಡಬಾರದ ದನಿಯಲ್ಲಿ ಆಡಿದೆ.

"ಏನ್ ಬೇಕ್ರಿ ನಿಮಗ? ದಿನಾ ಒಂದೊಂದ ನಮೂನಿ ಮಾಡಿ ಹಾಕ್ತೇನಿ. ರುಚಿ ಇಲ್ಲಂದ್ರ ಇಲ್ಲ ಅನ್ರಿ, ಬೈರಿ. ಹಿಂಗ್ಯಾಕ ಜೀವಾ ತಿಂತೀರಿ?"

ಅವರು ಎದೆಯ ಮೇಲೆ ಚೆಲ್ಲಿದ ಬೆಲ್ಲದ ನೀರನ್ನು ಬೆರಳಿನಿಂದ ಒರೆಸಿಕೊಂಡು ಆ ಬೆರಳನ್ನು ನಾಲಿಗೆಗೆ ಹಚ್ಚಿಕೊಂಡರು. ಅದನ್ನೂ ಕೆಡಿಸುವವರಲ್ಲ.

"ಬಾಗಲಾ ಯಾಕ ಹಾಕ್ತೀರಿ?" ಎಂದರು.

"ಯಾವ ಬಾಗಲಾ ರೀ?"

"ಉಣ್ಣೋ ಮುಂದ."

ಅತ್ತೆಯ ಅಳು ನಿಂತಿತು. ನಾನು ಅವರ ಕಡೆ ನೋಡಿದೆ, ಅವರು ನೆಲ ನೋಡಿದರು.

"ರುಚಿ ಗಿಚಿ ನಾ ಏನೂ ಕೇಳಿಲ್ಲವ್ವಾ," ಎಂದರು ಮಾವನವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಸಂಕಟವಾಯಿತು. "ಒಂದ ಮನ್ಯಾಗ ನನಗೊಂದ ಅಡಿಗಿ, ನಿಮಗೊಂದ ಅಡಿಗಿ. ನನ್ನ ಉಣಿಸಿ ಮಲಗಿಸಿ ನೀವ ಚಿಲಕಾ ಹಾಕ್ಕೊಂಡ ಉಣ್ತೀರಿ. ಬ್ಯಾನಿ ಬಂದ ದನಾ ಬ್ಯಾರೆ ಕಟ್ಟಿ ಮೇವ ಹಾಕ್ತಾರಲ್ಲ, ಹಂಗ. ಅದು ನನ್ನ ಗಂಟಲದಾಗ ಹೆಂಗ ಇಳೀಬೇಕು?"

ನನಗೆ ನಮ್ಮ ಅಂಗಳ ನೆನಪಾಯಿತು. ಆ ತುದಿಯಲ್ಲಿ ತುಪ್ಪವಿಲ್ಲದ ಹೋಳಿಗೆ, ತೊಡೆಯ ಮೇಲೆ ಇಟ್ಟ ಕೈಗಳು. ಆ ಕತೆ ಹೇಳಿ ಎಷ್ಟು ಸಲ ನಕ್ಕಿದ್ದೆ! ಅವತ್ತು ಅವರು ಯಾರದೋ ತಾಟಿನಲ್ಲಿ ತುಪ್ಪ ಇಲ್ಲದ್ದಕ್ಕೆ ಕೈ ಹಿಂತೆಗೆದಿದ್ದರು. ಈಗ ಸಾಲೇ ಇಲ್ಲದ ಕಡೆ ಅವರನ್ನು ಒಬ್ಬರನ್ನೇ ಕೂರಿಸಿ, ಗಜ್ಜರಿಯನ್ನು ಇನ್ನೂ ತೆಳ್ಳಗೆ ಕೊಯ್ಯುತ್ತ ಕೂತಿದ್ದೆವು. ನನಗೆ ಬಹಳ ದುಃಖವಾಯಿತು. ಅವರ ಅಂಗಿ ಬದಲಿಸುವ ನೆವದಲ್ಲಿ ಮುಖ ಆ ಕಡೆ ಮಾಡಿಕೊಂಡೆ. ಸಂಜೆಯವರೆಗೆ ಆಧಾರಕ್ಕೆಂದು ಅತ್ತೆ ಹಾಲು, ಬಾಳೆಹಣ್ಣು ತಂದು ತಾವೇ ತಿನ್ನಿಸಿದರು.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮವರು ಕುಳಗೇರಿ ಕ್ರಾಸಿನಿಂದ ಬಂದರು, ಗದ್ದ ಮಿಂಚುತ್ತಿತ್ತು. ನಡೆದದ್ದನ್ನೆಲ್ಲ ಕೇಳಿದವರೇ ಬಚ್ಚಲಿಗೆ ಹೋಗಿ ಸಾಬಾಣ ಹಚ್ಚಿ ಮುಖ ತೊಳೆದು ಬಂದರು. ನಾನು ಬುಟ್ಟಿಯನ್ನು ಒಲೆಯ ಮೇಲೇರಿಸಿದೆ. ಹೀರೇಕಾಯಿ, ಗಜ್ಜರಿ, ಹಸಿ ಕಡಲೆ, ಮೆಂತ್ಯ, ಜೊತೆಗೆ ಅತ್ತೆ ಸಾಬಾಣ ಎಂದಿದ್ದ ತೋಫುವಿನ ಚೂರುಗಳು. ಆ ಕಡೆ ಅಕ್ಕಿಯ ನೂಡಲ್ಸು. ಮಧ್ಯಾಹ್ನ ಉಳಿದಿದ್ದ ಎಣ್ಣೆಗಾಯಿಯನ್ನೂ ರೊಟ್ಟಿಯನ್ನೂ ಅತ್ತೆ ಕಟ್ಟಿ, ಪಕ್ಕದ ಮನೆಯವರಿಗೆ ಕೊಟ್ಟು ಬಂದರು. ಪಡಸಾಲೆಯಲ್ಲಿ ಚಾಪೆ ಹಾಸಿ ನಾಲ್ಕು ತಾಟು ಒಂದೇ ಸಾಲಿಗೆ ಇಟ್ಟೆವು. ಎಲ್ಲ ಬಾಗಿಲುಗಳೂ ತೆರೆದಿದ್ದವು, ತಣ್ಣನೆ ಗಾಳಿ ಬರುತ್ತಿತ್ತು, ಯಾರೂ ಹಾಕಲು ಏಳಲಿಲ್ಲ.

ಮಾವನವರು ಲಿಂಗಪೂಜೆ ಮುಗಿಸಿ ಬಂದು ನಿಂತರು. ಸಾಲನ್ನು ನೋಡಿದರು. ಪ್ರತಿಯೊಂದು ತಾಟಿನ ಪಕ್ಕದಲ್ಲೂ ಬೇರೆ ಏನಾದರೂ ಇದೆಯೇ ಎಂದು ನೋಡಿದರು. ಕೂತರು. ಬಡಿಸಲು ನಾನು ಬುಟ್ಟಿ ಎತ್ತಿದರೆ ಕೈ ಚಾಚಿ ತಾವೇ ತೆಗೆದುಕೊಂಡರು. ನಮ್ಮವರು "ಅಪ್ಪಾ, ಬ್ಯಾಡ, ಕೈ ನಡಗ್ತಾವು," ಎನ್ನಹೋದರು. ಅತ್ತೆ ಕಣ್ಣಲ್ಲೇ ಗದರಿದರು. ನಡುಗುವ ಕೈಯಿಂದಲೇ ಅವರು ಮೊದಲು ನನ್ನ ತಾಟಿಗೆ, ಆಮೇಲೆ ಅತ್ತೆಯ, ಮಗನ ತಾಟಿಗೆ, ಕೊನೆಗೆ ತಮಗೆ ಹಾಕಿಕೊಂಡರು. ಸೌಟಿನ ಅಳತೆ ಎಲ್ಲರಿಗೂ ಒಂದೇ. ಒಂದು ತೋಫು ಚೂರು ಅತ್ತೆಯ ತಾಟಿನ ಹೊರಗೆ ಬಿತ್ತು, ಅದನ್ನು ಎತ್ತಿ ತಮ್ಮ ತಾಟಿಗೆ ಹಾಕಿಕೊಂಡರು.

ನಾವು ಯಾರೂ ತುತ್ತು ಎತ್ತಲಿಲ್ಲ. ಮೂವರ ಕಣ್ಣೂ ಅವರ ಬೆರಳಿನ ಮೇಲೆ. ಅವರು ನೂಡಲ್ಸಿನ ಎಳೆಗಳನ್ನು ಶಾವಿಗೆಯಂತೆ ಕಲಸಿ, ಮೇಲೆ ಹೀರೇಕಾಯಿ ಇಟ್ಟು, ಬಾಯಿಗೆ ಹಾಕಿಕೊಂಡರು. ಅಗಿದರು. ಗಂಟಲ ಗೆಣ್ಣು ಮೇಲೆ ಹೋಗಿ ಕೆಳಗೆ ಬಂತು. ಎರಡನೆಯ ತುತ್ತು ಕಲಸಿದರು.

ಆಗ ನಾನೂ ಒಂದು ತುತ್ತು ತಿಂದೆ. ಅಯ್ಯೋ ದೇವರೇ! ಇಷ್ಟು ದಿನ ಮಾಡುವಾಗ ಬೆರಳ ತುದಿಯಲ್ಲಿ ನೆಕ್ಕಿ ನೋಡಿದ್ದೆನೇ ಹೊರತು ಒಂದು ತಾಟು ಕೂತು ಉಂಡಿರಲಿಲ್ಲ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಬಾಯಲ್ಲಿ ಬೆಚ್ಚಗೆ ಏನೋ ಇದೆ ಎಂಬುದಷ್ಟೇ ತಿಳಿಯುತ್ತದೆ. ತೋಫುವನ್ನು ಹಲ್ಲು ಹುಡುಕಿತು, ನಾಲಿಗೆಗೆ ಸಿಗಲಿಲ್ಲ. ಪಕ್ಕದಲ್ಲಿ ನಮ್ಮವರು ಸೂರು ನೋಡುತ್ತ ನುಂಗುತ್ತಿದ್ದರು.

"ಹೆಂಗೈತವ್ವಾ?" ಎಂದರು ಮಾವನವರು, ನನ್ನ ಕಡೆ ತಿರುಗಿ.

ಸುಳ್ಳು ಹೇಳಲು ಧೈರ್ಯ ಬರಲಿಲ್ಲ. "ಸಪ್ಪಗೈತ್ರಿ ಮಾವಾರ."

"ಹೂಂ. ನನಗೂ ಸಪ್ಪಗೈತಿ," ಎಂದು ಮತ್ತೊಂದು ತುತ್ತು ಎತ್ತಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಕಾಣಲಿಲ್ಲ.

ತಾಟು ಖಾಲಿಯಾಯಿತು. ಅವರು ಏಳಲಿಲ್ಲ. ತಂಬಿಗೆ ಎತ್ತಿ ತಾಟಿಗೆ ಒಂದಿಷ್ಟು ನೀರು ಬಗ್ಗಿಸಿದರು. ಬೆರಳನ್ನು ಅಂಚಿನ ಸುತ್ತ ತಿರುವಿದರು, ಅಂಟಿದ್ದ ಮೆಂತ್ಯದ ಎಲೆಯೊಂದು ಬಿಟ್ಟು ನೀರಿಗೆ ಬಂತು. ತಾಟನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದರು. ಅತ್ತೆಯ ಉಸಿರು ಹೊರಗೆ ಬಂದದ್ದು ನನಗೆ ಕೇಳಿಸಿತು.

ಆಮೇಲೆ ಅವರ ಕಣ್ಣು ನನ್ನ ತಾಟಿಗೆ ಬಂತು. ಅಂಚಿನಲ್ಲಿ ತೋಫುವಿನ ಚೂರುಗಳನ್ನು ನಾನು ಮೆಂತ್ಯದ ಕೆಳಗೆ ಸರಿಸಿ ಇಟ್ಟಿದ್ದೆ. ಅವರು ತಂಬಿಗೆಯನ್ನು ನನ್ನ ಕಡೆ ಸರಿಸಿದರು, ಅಷ್ಟೆ. ಈ ಮನೆಗೆ ಬಂದಂದಿನಿಂದ ತಾಟು ಹಿಡಿದು ಓಡಿದವಳಿಗೆ ಅವತ್ತು ಓಡಲು ಜಾಗವಿರಲಿಲ್ಲ. ಒಂದೊಂದಾಗಿ ಎಲ್ಲವನ್ನೂ ನುಂಗಿದೆ, ನೀರು ಹಾಕಿದೆ, ಬೆರಳು ತಿರುವಿದೆ, ಕಣ್ಣು ಮುಚ್ಚಿ ಕುಡಿದೆ.

ಮರುದಿನ ಬೆಳಿಗ್ಗೆ ನಾನು ಸೊಪ್ಪು ಸೋಸುತ್ತ ಕೂತಿದ್ದೆ. ಮಾವನವರು ಗೋಡೆ ಹಿಡಿದುಕೊಂಡು ನಿಧಾನಕ್ಕೆ ನಡೆದು ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತರು. ದವಾಖಾನೆಯಿಂದ ಬಂದ ಮೇಲೆ ಅವರು ಅಲ್ಲಿಯವರೆಗೆ ನಡೆದು ಬಂದದ್ದು ಅದೇ ಮೊದಲು. ಮೊಳೆಯ ಮೇಲಿನ ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು.

"ಇವತ್ತ ನಮಗೆಲ್ಲಾರಿಗೂ ಏನ್ ಸಪ್ಪಂದ ಮಾಡಾಕತ್ತೀ ಯವ್ವಾ?"